ನೀರು ಬಾರದ ನಾಲೆಯ ಮೇಲೆ ಒಂದು ರಾಜಬೀದಿ

ದಸರೆಯ ದಿನ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದು ಸಯ್ಯಾಜಿರಾವ್ ರಸ್ತೆಯ ಮೇಲೆ. ಎರಡೂ ಬದಿಯಲ್ಲಿ ಕಿಕ್ಕಿರಿದು ನಿಂತವರಲ್ಲಿ ಹೆಚ್ಚಿನವರಿಗೆ ಆ ರಸ್ತೆಯ ಕೆಳಗೆ ಒಂದು ನಾಲೆ ಹೂತುಹೋಗಿದೆ ಎಂಬುದು ತಿಳಿಯದು. ಹಳೆಯ ಗ್ಯಾಸೆಟಿಯರ್ ತಿರುವುವಾಗ ನನ್ನ ಕಣ್ಣಿಗೆ ಅದು ಅಕಸ್ಮಾತ್ತಾಗಿ ಬಿತ್ತು. ಅದು ಪೂರ್ಣಯ್ಯನವರ ನಾಲೆ.

ಮೈಸೂರಿನ ಹಳೆಯ ಕೋಟೆಯನ್ನು ಟಿಪ್ಪು ಕೆಡವಿಸಿ, ಕಲ್ಲುಗಳನ್ನು ನಜರಬಾದಿನ ಹೊಸ ಕೋಟೆಗೆ ಸಾಗಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಮರಳಿದಾಗ ಅದೇ ಕಲ್ಲುಗಳು ಹಿಂದಿರುಗಿ ಬಂದವು. ಕೋಟೆ ಎದ್ದಿತು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಊರಿಗೆ ಬೇಕಾದ ನೀರು ಮಾತ್ರ ಇರಲಿಲ್ಲ. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯ ಈಗ ದಿವಾನರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಕಟ್ಟಿಸಿದವರೂ ಅವರೇ. ಆ ಹೊಳೆಯ ನೀರನ್ನೇ ಮೈಸೂರಿಗೆ ತರಬೇಕೆಂದು ಹೊರಟರು. ಪಂಪು, ಎಂಜಿನ್ ಇಲ್ಲದ ಕಾಲ. ನೀರು ನೆಲದ ಇಳಿಜಾರನ್ನು ನಂಬಿಯೇ ಬರಬೇಕು. ಅದಕ್ಕಾಗಿ ಊರಿನ ನಡುವೆಯೇ ಆಳವಾಗಿ ಅಗೆಸಿದರು. ಕಾವೇರಿ ಬರಲಿಲ್ಲ.

ಆಮೇಲೆ ಹಲವು ದಶಕ ಆ ಕಂದಕ ಬಾಯ್ದೆರೆದುಕೊಂಡೇ ಇತ್ತು. ಊರಿನ ಕೊಚ್ಚೆಯೆಲ್ಲ ಅದಕ್ಕೇ ಸೇರಿ ದುರ್ವಾಸನೆಯ ಕೊರಕಲಾಯಿತು. 1881ರಲ್ಲಿ ಆಡಳಿತ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿದ ಮೇಲೆ, ಹತ್ತನೆಯ ಚಾಮರಾಜ ಒಡೆಯರ ಸರ್ಕಾರ ಅದನ್ನು ಮುಚ್ಚಿಸಿ ಅಗಲವಾದ ಬೀದಿ ಮಾಡಿಸಿತು. ಅದಕ್ಕೆ ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರು ಬಂತು. 1886ರ ಸುಮಾರಿಗೆ ಪಕ್ಕದಲ್ಲೇ ದೇವರಾಜ ಮಾರುಕಟ್ಟೆ ಎದ್ದಿತು. ಮುಂದೆ ಪ್ಲೇಗ್ ಬಂತು, 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, ಬಡಾವಣೆಗಳು ಬೆಳೆದವು. ಆ ಕಥೆಯನ್ನು ಬಲ್ಲವರು ಬಹಳ ಮಂದಿ ಬರೆದಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಈ ನಾಲೆಯೇ. ಕೆಟ್ಟುಹೋದ ಕಾಮಗಾರಿಯೊಂದನ್ನು ಊರಿನ ಅತಿ ಚೆಲುವಾದ ಬೀದಿಯಾಗಿಸಿದ ಆಡಳಿತ ಇಲ್ಲಿತ್ತು. ಮಾರುಕಟ್ಟೆಯನ್ನೂ ಹಾಗೆಯೇ ಯೋಚಿಸಿ ಕಟ್ಟಿದರು. ಬೀದಿಗೆ ಮುಖ ಮಾಡಿದ ಅಂಗಡಿ ಸಾಲು, ಒಳಗೆ ಗಾಳಿ ಬೆಳಕು ಆಡುವ ಓಣಿಗಳು, ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳು. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಕುಂಕುಮದ ರಾಶಿ ಎಲ್ಲಕ್ಕೂ ಅಲ್ಲಿ ಜಾಗವಿತ್ತು, ಇಂದಿಗೂ ಇದೆ.

ಸುಣ್ಣದ ಗೋಡೆಗೆ ಒಂದು ಗುಣವಿದೆ. ಅದು ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ. ತಾರಸಿಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಹಿತ ತೆಗೆಯದಿದ್ದರೆ ಗೋಡೆ ಸೀಳುತ್ತದೆ. ಕಟ್ಟಡ ಬೀಳುವುದು ವಯಸ್ಸಾಯಿತೆಂದಲ್ಲ, ಆರೈಕೆ ನಿಂತಿತೆಂದು. 2012ರ ಆಗಸ್ಟಿನಲ್ಲಿ ಇದೇ ಊರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ, ದುರಸ್ತಿ ನಡೆಯುತ್ತಿದ್ದಾಗಲೇ ಕುಸಿತವಾಯಿತು. ಅಲ್ಲಿಂದ ಜಗಳ ಶುರು. ಕೆಡವಿ ಅದೇ ಚಹರೆಯಲ್ಲಿ ಹೊಸದಾಗಿ ಕಟ್ಟೋಣ ಎಂದು ಒಂದು ಪಕ್ಷ, ಉಳಿಸಿ ಸರಿಪಡಿಸಬಹುದು ಎಂದು ಪಾರಂಪರಿಕ ಕಟ್ಟಡಗಳನ್ನು ಬಲ್ಲವರ ಇನ್ನೊಂದು ಪಕ್ಷ. ಸಮಿತಿಗಳಾದವು, ವರದಿಗಳಾದವು, ವಿಷಯ ಕೋರ್ಟು ಹತ್ತಿತು. ಇಷ್ಟೆಲ್ಲದರ ನಡುವೆ ಮಳೆ ಮಾತ್ರ ಯಾರಿಗೂ ಕಾಯದೆ ಗೋಡೆಗಳ ಮೇಲೆ ಸುರಿಯುತ್ತಲೇ ಬಂತು. ಇದು ನನಗೆ ತಡೆಯಲಾರದ ಸಿಟ್ಟು ತರಿಸುತ್ತದೆ. ಜೀವಹಾನಿಯ ಭಯ ನಿಜವಾದದ್ದೇ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಆ ಭಯಕ್ಕೆ ಉತ್ತರ ಮೊದಲು ಸಿಗಬೇಕಾದದ್ದು ವರ್ಷ ವರ್ಷದ ದುರಸ್ತಿಯಲ್ಲಿ.

ನಾಲೆಯ ಕಥೆ ಊರೊಳಗೆ ಮುಗಿಯುವುದಿಲ್ಲ. ಊರಾಚೆ ಉಳಿದ ಭಾಗ ಕುಕ್ಕರಹಳ್ಳಿ ಕೆರೆಗೆ ಮಳೆನೀರು ತರುವ ಕಾಲುವೆಯಾಯಿತು. ಆ ಕೆರೆ ಮುಮ್ಮಡಿಯವರು 1864ರಲ್ಲಿ ಕಟ್ಟಿಸಿದ್ದು. ಕಾವೇರಿಯನ್ನು ತರಲಾರದ ನಾಲೆ ಮಳೆಯನ್ನಾದರೂ ತಂದಿತು. ಅದನ್ನೂ ನಾವು ಒತ್ತುವರಿ ಮಾಡಿ, ಮಣ್ಣು ತುಂಬಿ, ಬಡಾವಣೆಗಳ ನಡುವೆ ತುಂಡರಿಸಿದ್ದೇವೆ. ಚಾಮರಾಜ ಒಡೆಯರ ಕಾಲದವರು ಮುಚ್ಚಿದ್ದು ನಿರುಪಯೋಗಿಯಾದ ಕಂದಕವನ್ನು. ನಾವು ಮುಚ್ಚುತ್ತಿರುವುದು ನೀರಿನ ದಾರಿಯನ್ನು.

ಮೈಸೂರಿನ ಪರಂಪರೆಗೆ ಹಣ ಬಂದಾಗಲೆಲ್ಲ ದೀಪಾಲಂಕಾರಕ್ಕೂ ಬಣ್ಣಕ್ಕೂ ಕೈ ಮೊದಲು ಹೋಗುತ್ತದೆ. ಆ ಹಣ ಮೊದಲು ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳ ಕೂಲಿಗೆ ಹೋಗಲಿ. ಇಂದಿನ ಆಡಳಿತ ಮಾರುಕಟ್ಟೆಯನ್ನು ಸಾಲು ಸಾಲಾಗಿ, ವ್ಯಾಪಾರಿಗಳನ್ನು ಒಕ್ಕಲೆಬ್ಬಿಸದೆ ದುರಸ್ತಿ ಮಾಡಿಸಲಿ. ನಗರ ಯೋಜನೆಯ ನಕ್ಷೆಯಲ್ಲಿ ಪೂರ್ಣಯ್ಯನವರ ನಾಲೆಯನ್ನು ಕುಕ್ಕರಹಳ್ಳಿಯವರೆಗೆ ಗೆರೆ ಎಳೆದು ಗುರುತಿಸಿ, ಮುಂದಿನ ಮುಂಗಾರಿಗೆ ಮೊದಲೇ ಒತ್ತುವರಿ ತೆರವು ಮಾಡಿಸಲಿ.