ಅಂಗೈ ಹುಣ್ಣಿಗೂ ಕನ್ನಡಿ ಬೇಕು

ಅಂಗೈ ಹುಣ್ಣಿಗೆ ಕನ್ನಡಿ ಏಕೆಂದು ಕೇಳುವುದು ನಮ್ಮ ಹಿರಿಯರ ವಾಡಿಕೆ. ನೋಡಿದೊಡನೆಯೇ ಅಂಗೈಯ ರೂಪ ಬದಲಾಗಿಬಿಡುವಂತಿದ್ದರೆ ಅವರು ಈ ಮಾತನ್ನು ಅಷ್ಟು ಧೈರ್ಯದಿಂದ ಆಡುತ್ತಿರಲಿಲ್ಲ. ಕ್ವಾಂಟಮ್ ಗಣಕಯಂತ್ರದ ಪಾಡು ಹೀಗೆಯೇ ಇದೆ. ಅದನ್ನು ಅರಿಯಲು ಕನ್ನಡಿಯಿಂದಲೇ ಆರಂಭಿಸೋಣ.

ಸಾಮಾನ್ಯ ಕನ್ನಡಿಯು ಬಹು ಸಾಧು. ಅದರ ಮುಂದೆ ಎಷ್ಟು ಹೊತ್ತು ಮೀಸೆ ತಿರುವಿದರೂ ನಮ್ಮ ಮುಖ ಸವೆಯುವುದಿಲ್ಲ. ಎಡವನ್ನು ಬಲ ಮಾಡುತ್ತದೆಂಬ ಅಪವಾದವೊಂದು ಅದರ ಮೇಲಿದೆ; ಅದೂ ಸುಳ್ಳು. ಉತ್ತರದ ಗೋಡೆಯ ಕನ್ನಡಿಯೆದುರು ನಿಂತು ಪೂರ್ವದ ಕೈಯನ್ನೆತ್ತಿದರೆ ಪ್ರತಿಬಿಂಬವೂ ಪೂರ್ವದ ಕೈಯನ್ನೇ ಎತ್ತುತ್ತದೆ. ಮುಖ ಮಾತ್ರ ದಕ್ಷಿಣಕ್ಕೆ! ಕನ್ನಡಿಯು ಅದಲುಬದಲು ಮಾಡುವುದು ಹಿಂದು ಮುಂದುಗಳನ್ನು.

ಕನ್ನಡಿಯ ಲೇಪನವನ್ನು ತೆಳುವಾಗಿಸಿ, ಬಿದ್ದ ಬೆಳಕಿನಲ್ಲಿ ಅರ್ಧ ಪ್ರತಿಫಲಿಸಿ ಅರ್ಧ ಪಾರಾಗುವಂತೆ ಮಾಡಬಹುದು. ಇದನ್ನು ಅರೆಗನ್ನಡಿ ಎನ್ನೋಣ. ಇದರ ಮೇಲೆ ಬೆಳಕಿನ ಒಂದೇ ಕಣ, ಅಂದರೆ ಒಂದು ಫೋಟಾನ್, ಬಿದ್ದರೆ? ಅದು ಒಡೆದು ಎರಡಾಗುವುದಿಲ್ಲ. ಎರಡು ಹಾದಿಗಳಲ್ಲೂ ಶೋಧಕಗಳನ್ನಿಟ್ಟರೆ ಪ್ರತಿಸಲವೂ ಯಾವುದಾದರೊಂದು ಮಾತ್ರ ಅದನ್ನು ಗುರುತಿಸುತ್ತದೆ. ಆದರೆ ಶೋಧಕಗಳನ್ನು ತೆಗೆದು, ಹಾದಿಗಳನ್ನು ಇನ್ನೊಂದು ಅರೆಗನ್ನಡಿಯಲ್ಲಿ ಕೂಡಿಸಿ, ಅವುಗಳ ಉದ್ದವನ್ನು ಸರಿಹೊಂದಿಸಿದರೆ ಫೋಟಾನುಗಳೆಲ್ಲ ಒಂದೇ ದಿಕ್ಕಿನಲ್ಲಿ ಹೊರಬೀಳುತ್ತವೆ. ಪ್ರತಿಯೊಂದೂ ಒಂದೇ ಹಾದಿ ಹಿಡಿದಿದ್ದಲ್ಲಿ ಎರಡು ದಿಕ್ಕಿಗೂ ಸಮನಾಗಿ ಹಂಚಿಹೋಗಬೇಕಿತ್ತಲ್ಲವೆ? ಫ್ರಾನ್ಸಿನ ಗ್ರಾಂಜಿಯೆ, ರೋಜೆ, ಆಸ್ಪೆ ಎಂಬ ಮೂವರು 1986ರಲ್ಲಿ ಈ ಎರಡು ನಡತೆಗಳನ್ನೂ ಪ್ರಯೋಗದಿಂದ ತೋರಿಸಿದರು. ಹಾದಿ ಯಾವುದೆಂದು ಇಣುಕಿದರೆ ಆಟ ಕೆಡುತ್ತದೆ.

ಎರಡು ಹಾದಿಗಳೂ ಬೆರೆತ ಇಂಥ ಕೂಡುಸ್ಥಿತಿಯೇ ಕ್ವಾಂಟಮ್ ಗಣಕದ ಬಂಡವಾಳ. ಮಾಮೂಲು ಗಣಕದ ಬಿಟ್ 0 ಅಥವಾ 1. ಕ್ಯುಬಿಟ್ ಎರಡರ ಕೂಡುಸ್ಥಿತಿಯಲ್ಲಿಯೂ ಇರಬಲ್ಲದು. ಆದರೆ ಬಹು ನಾಜೂಕು. ತುಸು ಶಾಖ ತಗುಲಿದರೂ ತಪ್ಪುತ್ತದೆ. ತಪ್ಪಿತೇ ಎಂದು ನೋಡಹೋದರೆ ಕೂಡುಸ್ಥಿತಿ ಮುರಿದು ಬರಿಯ 0 ಅಥವಾ 1 ಉಳಿಯುತ್ತದೆ. ಮೊದಲೇ ನಕಲು ಮಾಡಿಟ್ಟುಕೊಳ್ಳೋಣವೆಂದರೆ, ಅಜ್ಞಾತ ಕ್ವಾಂಟಮ್ ಸ್ಥಿತಿಯ ತದ್ರೂಪು ಅಸಾಧ್ಯವೆಂದು ವೂಟರ್ಸ್ ಮತ್ತು ಜ್ಯೂರೆಕ್, ಪ್ರತ್ಯೇಕವಾಗಿ ಡೀಕ್ಸ್, 1982ರಲ್ಲಿಯೇ ಸಾಧಿಸಿದ್ದಾರೆ. ನಕಲನ್ನು ಪ್ರಕೃತಿಯೇ ತಡೆಯುವ ಈ ಏರ್ಪಾಡನ್ನು ಕಂಡು ಪರೀಕ್ಷಾ ಮೇಲ್ವಿಚಾರಕರು ಅಸೂಯೆಪಟ್ಟಾರು!

ಹಾಗಾದರೆ ಬೇಕಾದುದು ಮುಖವನ್ನು ತೋರಿಸದೆ ಹುಣ್ಣನ್ನು ಮಾತ್ರ ತೋರಿಸುವ ಕನ್ನಡಿ. ಸೋಜಿಗವೆಂದರೆ ಅಂಥದೊಂದಿದೆ. ಮೂರು ಕ್ಯುಬಿಟ್ಟುಗಳನ್ನು, ಮೂರೂ 0 ಮತ್ತು ಮೂರೂ 1 ಎಂಬೆರಡರ ಕೂಡುಸ್ಥಿತಿಯಲ್ಲಿ ಹೆಣೆಯುತ್ತಾರೆ. ‘ನೀನಾರು?’ ಎಂದು ಯಾವುದನ್ನೂ ಕೇಳುವುದಿಲ್ಲ. ಮೊದಲನೆಯದೂ ಎರಡನೆಯದೂ ಒಂದೇ ತೆರನೆ? ಎರಡನೆಯದೂ ಮೂರನೆಯದೂ? ಇವೆರಡೇ ಪ್ರಶ್ನೆಗಳು. ಮೊದಲನೆಯದಕ್ಕೆ ‘ಅಲ್ಲ’, ಎರಡನೆಯದಕ್ಕೆ ‘ಹೌದು’ ಎಂದು ಉತ್ತರ ಬಂದರೆ ತಿರುಗಿಬಿದ್ದದ್ದು ಮೊದಲನೆಯ ಕ್ಯುಬಿಟ್. ಅದನ್ನು ಮರಳಿ ತಿರುಗಿಸಿದರಾಯಿತು. ಅವು 0 ಆಗಿದ್ದುವೋ 1 ಆಗಿದ್ದುವೋ ಕೇಳಿದವರಿಗೂ ತಿಳಿಯದು. ಆದುದರಿಂದಲೇ ಕೂಡುಸ್ಥಿತಿ ಉಳಿಯುತ್ತದೆ. ಇದು ಒಂದು ಬಗೆಯ ತಪ್ಪಿಗೆ ಮಾತ್ರ ಮದ್ದು. ಒಂದು ಕ್ಯುಬಿಟ್ಟಿಗೆ ಒದಗಬಹುದಾದ ಯಾವ ತಪ್ಪನ್ನಾದರೂ ತಿದ್ದಬಲ್ಲ ಒಂಬತ್ತು ಕ್ಯುಬಿಟ್ಟುಗಳ ಏರ್ಪಾಡನ್ನು ಪೀಟರ್ ಶೋರ್ 1995ರಲ್ಲಿ ಸೂಚಿಸಿದರು.

ಕಾವಲಿಗೆ ನಿಂತ ಕ್ಯುಬಿಟ್ಟುಗಳೂ ತಪ್ಪುವುವಾದ್ದರಿಂದ, ಅವುಗಳನ್ನು ಹೆಚ್ಚಿಸಿದರೆ ಲಾಭವೋ ನಷ್ಟವೋ ಎಂಬ ಶಂಕೆಯಿತ್ತು. 2024ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಪ್ರಯೋಗದಲ್ಲಿ ಕ್ಯುಬಿಟ್ಟುಗಳ ಚೌಕವನ್ನು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ಹಿಗ್ಗಿಸಿದಾಗ, ಪ್ರತಿ ಹೆಜ್ಜೆಗೂ ತಪ್ಪಿನ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು.