ಲಿಫ್ಟಿನ ಹೊರಬಾಗಿಲು

ಕಳೆದ ಮಳೆಗಾಲದಲ್ಲಿ ಶೃಂಗೇರಿಯ ವಸತಿಗೃಹವೊಂದರಲ್ಲಿ ವಿದ್ಯುತ್ ಹೋಗಿ, ನಾನಿದ್ದ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಜೊತೆಯಲ್ಲಿ ಯಾತ್ರಿಕರ ಒಂದು ಕುಟುಂಬ. ಕಾವಲುಗಾರ ಕೆಳಮಹಡಿಯ ಹೊರಬಾಗಿಲನ್ನು ಕೀಲಿಯಿಂದ ತೆರೆದು, ನಮ್ಮ ಬಾಗಿಲನ್ನೂ ಸರಿಸಿ, ‘ಹಾರಿಬಿಡಿ ಸಾರ್, ಹಿಡ್ಕೊಳ್ತೀನಿ’ ಎಂದ. ನಮ್ಮ ನೆಲ ಅವನ ಎದೆಯೆತ್ತರದಲ್ಲಿತ್ತು. ಅದರಡಿ ಬಾಯ್ದೆರೆದ ಬಾವಿ. ಕಾಲು ಜಾರಿದರೆ ಬೀಳುವುದು ಅಲ್ಲಿಗೇ. ವಿದ್ಯುತ್ ಬರುವವರೆಗೆ ಯಾರೂ ಇಳಿಯದಂತೆ ತಡೆದೆ.

ಕೈ ಅಡ್ಡಬಂದರೆ ಬಾಗಿಲು ಹಿಂದೆ ಸರಿಯುವುದನ್ನು ಎಲ್ಲರೂ ಮೆಚ್ಚುತ್ತೇವೆ. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಿಗೆ ತಡೆಯಾದಾಗ ಹಾಗಾಗುತ್ತದೆ. ಅದು ತಪ್ಪಿಸುವುದು ಪೆಟ್ಟನ್ನು ಮಾತ್ರ. ಪ್ರಾಣ ಕಾಯುವುದು ಹೊರಬಾಗಿಲಿನ ಬೀಗ. ಲಿಫ್ಟ್ ಎದುರಿಗೆ ಬಂದು ನಿಂತ ಹೊರತು ಆ ಬಾಗಿಲು ತೆರೆಯಬಾರದು; ಬೀಗ ಬಿದ್ದು ಅದರ ವಿದ್ಯುತ್ ಸಂಪರ್ಕ ಕೂಡಿದ ಹೊರತು ಲಿಫ್ಟ್ ಕದಲಬಾರದು. ಈ ಸಂಪರ್ಕ ಕೆಟ್ಟಾಗ ತುಂಡು ತಂತಿ ಜೋಡಿಸಿ ಲಿಫ್ಟ್ ಓಡಿಸುವ ಮಹಾಶಯರೂ ಇದ್ದಾರೆ! ಬಾಗಿಲು ತೆರೆದಿದ್ದರೂ ಅದು ಚಲಿಸೀತು.

ರಾಜ್ಯದ 2012ರ ಲಿಫ್ಟ್ ಕಾಯ್ದೆ ಪರವಾನಗಿಯನ್ನೂ ತಪಾಸಣೆಯನ್ನೂ ವಿಧಿಸಿದೆ. ಆದರೆ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ತಪಾಸಣಾಧಿಕಾರಿ ದಿನವೂ ಬಂದು ನೋಡಲಾರ. ಮಳೆಗಾಲದಲ್ಲಿ ಮರ ಬಿದ್ದು ಕತ್ತಲಾಗುವುದು ಕೊಪ್ಪ, ನರಸಿಂಹರಾಜಪುರಗಳಿಗೂ ಹೊಸತಲ್ಲ. ವಿದ್ಯುತ್ ಹೋದೊಡನೆ ಲಿಫ್ಟನ್ನು ಸಮೀಪದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಾಧನ ಮಲೆನಾಡಿನಲ್ಲಿ ಐಷಾರಾಮವಲ್ಲ.

ಮರುದಿನ ಹೊರಡುವಾಗ ನೋಡಿದೆ. ಆ ಕೀಲಿ ಕೋಣೆಗಳ ಕೀಲಿಗಳ ಸಾಲಿನಲ್ಲೇ, ಯಾರ ಕೈಗಾದರೂ ಎಟುಕುವಂತೆ ತೂಗುತ್ತಿತ್ತು.