2600 ವರ್ಷದ ಬಂದರು, ಒಂದು ಗ್ಲಾಸ್ ವೈನ್, ಒಂದು ಪ್ಲೇಟ್ ಪನೀಸ್

ಫ್ರಾನ್ಸಿಗೆ ಹೋಗ್ತೀನಿ ಅಂದ್ರೆ ಎಲ್ಲರೂ ಐಫೆಲ್ ಟವರ್ ಬಗ್ಗೆ ಕೇಳ್ತಾರೆ. ಮಾರ್ಸೇಗೆ ಹೋಗ್ತೀನಿ ಅಂದ್ರೆ ಮಾತ್ರ, "ಅಲ್ಲಿಗ್ಯಾಕೆ? ಪರ್ಸು ಹುಷಾರು" ಅಂತಾರೆ. ಮೂರು ತಿಂಗಳ ಪ್ರಾಜೆಕ್ಟಿಗೆ ಪ್ಯಾರಿಸ್ಸಿಗೆ ಹೋಗಿದ್ದಾಗ ನನಗೂ ಇದೇ ಉಪದೇಶ ಸಿಕ್ಕಿತು. ಒಬ್ಬಳು ಸಹೋದ್ಯೋಗಿ ಮಾತ್ರ ನಕ್ಕಳು. ಅವಳು ಅದೇ ಊರಿನವಳು; ಅವಳ ಅಜ್ಜ ಅಲ್ಜೀರಿಯಾದಿಂದ ಹಡಗಿನಲ್ಲಿ ಬಂದು ಅಲ್ಲೇ ನೆಲೆಸಿದವರು. "ಈ ವೀಕೆಂಡ್ ನಾನೂ ಮನೆಗೆ ಹೋಗ್ತಿದೀನಿ, ಬಾ" ಅಂದಳು. ಪ್ಯಾರಿಸ್ಸಿನಿಂದ ಸುಮಾರು 750 ಕಿ.ಮೀ. ದೂರ, ಟಿಜಿವಿ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ನಮ್ಮಲ್ಲಿ ಶುಕ್ರವಾರ ಸಂಜೆ ಸಿಲ್ಕ್ ಬೋರ್ಡಿನಿಂದ ಹೊರಟು ಮೈಸೂರು ಸೇರುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು!

ಇಂಗ್ಲಿಷಿನವರ ಥರ ನಾವು ಮಾರ್ಸೇಲ್ಸ್ ಅಂತೀವಿ, ಊರಿನವರಿಗೆ ಅದು ಮಾರ್ಸೇ. ಫ್ರಾನ್ಸಿನ ಎರಡನೇ ದೊಡ್ಡ ನಗರ, ಮೆಡಿಟರೇನಿಯನ್ ಸಮುದ್ರದ ದೊಡ್ಡ ಬಂದರು.

ಸ್ವಯಂವರದಿಂದ ಹುಟ್ಟಿದ ಊರು

ಕ್ರಿ.ಪೂ. 600ರ ಸುಮಾರಿಗೆ, ಇಂದಿನ ಟರ್ಕಿಯ ಕರಾವಳಿಯಲ್ಲಿದ್ದ ಫೋಸಿಯಾ ಎಂಬ ಗ್ರೀಕ್ ಪಟ್ಟಣದವರು ಇಲ್ಲಿ ಬಂದು ಲಂಗರು ಹಾಕಿದರು. ಐತಿಹ್ಯವಂತೂ ನಮ್ಮ ಪುರಾಣದ ಹಾಗೇ ಇದೆ. ಅದೇ ದಿನ ಸ್ಥಳೀಯ ರಾಜನ ಮಗಳು ಜಿಪ್ಟಿಸ್‌ಗೆ ಮದುವೆ ನಿಶ್ಚಯಿಸುವ ಔತಣವಿತ್ತಂತೆ. ಅವಳು ಯಾರ ಕೈಗೆ ಪಾನೀಯದ ಬಟ್ಟಲು ಕೊಡುತ್ತಾಳೋ ಅವನೇ ವರ. ಅವಳು ಊರಿನ ಹುಡುಗರನ್ನೆಲ್ಲ ಬಿಟ್ಟು, ಹಡಗಿನಿಂದಿಳಿದ ಪ್ರೋಟಿಸ್‌ಗೆ ಕೊಟ್ಟಳು. ಹೊರಗಿನಿಂದ ಬಂದವನನ್ನು ಒಳಗೆ ಕರೆದುಕೊಂಡೇ ಹುಟ್ಟಿದ ಊರು ಇದು.

ಇಂದಿಗೂ ಅದೇ ಗುಣ. ನೊಆಯ್ ಮಾರ್ಕೆಟ್ಟಿನಲ್ಲಿ ಪುದೀನ, ಜೀರಿಗೆ, ಖರ್ಜೂರದ ರಾಶಿ. ಕಿವಿಗೆ ಅರಬ್ಬಿ, ಫ್ರೆಂಚ್, ಆಫ್ರಿಕಾದ ಭಾಷೆಗಳು. ಕಣ್ಣುಮುಚ್ಚಿದರೆ ಕೆ.ಆರ್. ಮಾರ್ಕೆಟ್. ಹಳೇ ಬಂದರಿನ ದಡದಲ್ಲಿ ಬೆಳಿಗ್ಗೆ ಮೀನು ಮಾರುವವರ ಕೂಗಾಟ. ಪಕ್ಕದಲ್ಲೇ ನಾರ್ಮನ್ ಫಾಸ್ಟರ್ ವಿನ್ಯಾಸದ, ಕನ್ನಡಿಯಂಥ ಸ್ಟೀಲ್ ಚಾವಣಿ. ಅದರಡಿ ನಿಂತು ತಲೆಯೆತ್ತಿದರೆ ನಾವೇ ತಲೆಕೆಳಗಾಗಿ ಕಾಣುತ್ತೇವೆ. ಸೆಲ್ಫಿಗೆ ಹೇಳಿ ಮಾಡಿಸಿದ ಜಾಗ!

ಈ ಬಂದರಿಗೂ ನಮಗೂ ನಂಟಿದೆ. 1910ರ ಜುಲೈನಲ್ಲಿ ಸಾವರ್ಕರ್ ಹಡಗಿನ ಕಿಂಡಿಯಿಂದ ಜಿಗಿದು ಈಜಿ ದಡ ಸೇರಿ, ಮತ್ತೆ ಸಿಕ್ಕಿಬಿದ್ದದ್ದು ಇಲ್ಲೇ. 1914ರ ಸೆಪ್ಟೆಂಬರಿನಲ್ಲಿ ಮೊದಲ ಮಹಾಯುದ್ಧಕ್ಕೆಂದು ಬಂದ ಭಾರತೀಯ ಸೈನಿಕರು ಯುರೋಪಿನ ನೆಲದ ಮೇಲೆ ಕಾಲಿಟ್ಟದ್ದೂ ಇಲ್ಲೇ.

ವೈನ್ ಮತ್ತು ಅದರ ಬೆಲೆ

ಫ್ರಾನ್ಸ್ ಅಂದ್ರೆ ವೈನ್ ಅಂತೀವಲ್ಲ, ಆ ನೆಲಕ್ಕೆ ದ್ರಾಕ್ಷಿ ಬೇಸಾಯ ತಂದವರು ಈ ಗ್ರೀಕರೇ. ಇಲ್ಲಿನ ರೋಮನ್ ಡಾಕ್ಸ್ ಮ್ಯೂಸಿಯಂನಲ್ಲಿ ವೈನ್ ಇಡುತ್ತಿದ್ದ ಆಳೆತ್ತರದ ಮಣ್ಣಿನ ಹರವಿಗಳಿವೆ. ಕ್ರಿ.ಪೂ. ಒಂದನೇ ಶತಮಾನದ ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆದಿಟ್ಟಿದ್ದಾನೆ: ಇಟಲಿಯ ವ್ಯಾಪಾರಿಗಳು ಇಲ್ಲಿನ ಜನಕ್ಕೆ ಒಂದು ಜಾಡಿ ವೈನ್ ಕೊಟ್ಟು, ಬದಲಿಗೆ ಒಬ್ಬ ಗುಲಾಮನನ್ನು ಪಡೆಯುತ್ತಿದ್ದರಂತೆ. ಅದನ್ನು ತಿಳಿದ ಮೇಲೆ ಆ ಹರವಿಗಳ ಮುಂದೆ ಸುಮ್ಮನೆ ಫೋಟೋ ತೆಗೆಯೋಕೆ ಮನಸ್ಸಾಗಲಿಲ್ಲ.

ಈಗಿನ ಪ್ರೊವಾನ್ಸ್ ಪ್ರದೇಶ ಹೆಸರುವಾಸಿಯಾಗಿರುವುದು ರೋಝೇಗೆ. ಇದು ಕೆಂಪು, ಬಿಳಿ ವೈನುಗಳನ್ನು ಬೆರೆಸಿದ್ದಲ್ಲ. ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ರಸದ ಜೊತೆ ಕೆಲವೇ ಗಂಟೆ ಬಿಟ್ಟು ತೆಗೆದುಬಿಡುತ್ತಾರೆ. ಅಷ್ಟಕ್ಕೇ ತಿಳಿಗುಲಾಬಿ ಬಣ್ಣ. ಸಮೀಪದ ಕಸ್ಸೀ ಎಂಬ ಪುಟ್ಟ ಮೀನುಗಾರರ ಊರಿನ ಬಿಳಿ ವೈನ್ 1936ರಲ್ಲೇ ಸರ್ಕಾರದ ಮೂಲಸ್ಥಾನ ಮಾನ್ಯತೆ ಪಡೆದ ಮೊದಲಿಗರ ಸಾಲಿನಲ್ಲಿದೆ. ಸುಣ್ಣಕಲ್ಲಿನ ಬೆಟ್ಟ, ಕೆಳಗೆ ಸಮುದ್ರ, ನಡುವೆ ದ್ರಾಕ್ಷಿ ತೋಟ. ನಂದಿ ಬೆಟ್ಟದ ತಪ್ಪಲಿಗೆ ಸಮುದ್ರ ಬಂದಿದ್ದರೆ ಹೀಗಿರುತ್ತಿತ್ತೇನೋ. ರಾತ್ರಿ ವಿಡಿಯೋ ಕಾಲಿನಲ್ಲಿ ಅಮ್ಮ, "ಕುಡಿದ್ಯಾ?" ಅಂದರು. "ಒಂದೇ ಗ್ಲಾಸಮ್ಮ" ಅಂದೆ. "ಊಟ ಏನು ಮಾಡ್ದೆ?" ಅನ್ನೋದು ಅವರ ಮುಂದಿನ ಪ್ರಶ್ನೆ.

ಅದಕ್ಕೂ ಉತ್ತರ ಇತ್ತು. ಮೀನಿನ ಬೂಯಬೇಸ್ ಈ ಊರಿನ ಪ್ರಸಿದ್ಧ ಅಡುಗೆ. ಸಸ್ಯಾಹಾರಿಗಳಿಗೆ ಪನೀಸ್ ಇದೆ: ಕಡಲೆಹಿಟ್ಟನ್ನು ನೀರಲ್ಲಿ ಬೇಯಿಸಿ, ಗಟ್ಟಿಯಾದ ಮೇಲೆ ಕತ್ತರಿಸಿ, ಎಣ್ಣೆಯಲ್ಲಿ ಕರಿದದ್ದು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬಜ್ಜಿಯ ದೂರದ ಸಂಬಂಧಿ ಅನ್ನಬಹುದು, ಚಟ್ನಿ ಮಾತ್ರ ಇಲ್ಲ.

ಊರು ಯಾರದ್ದು?

ಆ ಮ್ಯೂಸಿಯಂ ಹೇಗೆ ಸಿಕ್ಕಿತು ಅನ್ನೋದೇ ಒಂದು ಕಥೆ. 1943ರ ಜನವರಿಯಲ್ಲಿ ಜರ್ಮನ್ ಸೇನೆ, ಫ್ರೆಂಚ್ ಪೊಲೀಸರ ನೆರವಿನಿಂದ, ಹಳೇ ಬಂದರಿನ ಬಡಾವಣೆಯ ಸುಮಾರು 20,000 ಜನರನ್ನು ಮನೆ ಬಿಡಿಸಿತು. ನಂತರ ಮನೆಗಳನ್ನು ಸ್ಫೋಟಕ ಇಟ್ಟು ಕೆಡವಲಾಯಿತು. ಯುದ್ಧ ಮುಗಿದ ಮೇಲೆ ಆ ಅವಶೇಷದಡಿ ಸಿಕ್ಕಿದ್ದು ರೋಮನ್ನರ ಗೋದಾಮು. ಅಂದರೆ ನಾವು ಹೋಗಿ ನೋಡುವ ಇತಿಹಾಸದ ಮೇಲೆ ಯಾರದ್ದೋ ಅಡುಗೆಮನೆ ಇತ್ತು.

ನನ್ನ ಗೆಳತಿ ನೊಆಯ್‌ನಲ್ಲಿ ಒಂದು ಖಾಲಿ ಜಾಗದ ಮುಂದೆ ನಿಂತಳು. 2018ರ ನವೆಂಬರ್ 5ರಂದು ದೊಬಾಞ್ ರಸ್ತೆಯಲ್ಲಿ ಹಳೆಯ ಕಟ್ಟಡಗಳು ಕುಸಿದು ಎಂಟು ಜನ ಸತ್ತರು. ಆಮೇಲೆ ಅಪಾಯದ ಕಟ್ಟಡಗಳಿಂದ ಸಾವಿರಾರು ಜನರನ್ನು ತೆರವು ಮಾಡಲಾಯಿತು. ಅವಳ ಚಿಕ್ಕಮ್ಮನೂ ಅವರಲ್ಲಿ ಒಬ್ಬರು. ಮತ್ತೆ ಅದೇ ಬೀದಿಯಲ್ಲಿ ಅವರ ಕೈಗೆಟುಕುವ ಮನೆ ಸಿಗಲೇ ಇಲ್ಲವಂತೆ.

ಅಲ್ಲಿಂದ ಪಾನಿಯೇ ಬಡಾವಣೆಗೆ ಹತ್ತಿದೆವು. ಕಿರಿದಾದ ಗಲ್ಲಿ, ಗೋಡೆ ತುಂಬ ಚಿತ್ರ, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ. ಅವಳು ತೋರಿಸಿದ್ದು ಬಾಗಿಲ ಪಕ್ಕದ ಪುಟ್ಟ ಕೀ-ಬಾಕ್ಸುಗಳನ್ನು. "ಇವೆಲ್ಲ ಟೂರಿಸ್ಟ್ ಬಾಡಿಗೆ ಮನೆ. ನಾವೆಲ್ಲಿಗೆ ಹೋಗೋಣ ಹೇಳು?" ನಾನು ಉಳಿದಿದ್ದು ಸ್ಟೇಷನ್ ಹತ್ತಿರದ ಮಾಮೂಲಿ ಹೋಟೆಲ್ಲಿನಲ್ಲಿ, ಆದರೂ ಸಮಾಧಾನವಾಗಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಸಂಬಳದ ಲೆಕ್ಕಕ್ಕೆ ಏರಿದ ಬಾಡಿಗೆ ಯಾರನ್ನು ಎಲ್ಲಿಗೆ ತಳ್ಳಿತು ಅಂತ ನಾವು ಯಾವತ್ತಾದರೂ ಕೇಳಿದ್ದೀವಾ? ಪರ್ಸು ಹುಷಾರು ಅಂದವರು ಯಾರೂ ಈ ವಿಷಯ ಹೇಳಿರಲಿಲ್ಲ.

ಹೊರಡುವವರಿಗೆ

* ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿಗೆ ಸಂಜೆ ಹೋಗಿ. ಇಡೀ ಊರು, ಸಮುದ್ರ, ಶಾತೋ ದಿಫ್ ಕೋಟೆ ಎಲ್ಲ ಕಾಣುತ್ತವೆ.
* ಕಲಾಂಕ್ ಕಣಿವೆಗಳ ನಡಿಗೆಗೆ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದುಂಟು. ಸೂಜಿತೋನ್ ಕಣಿವೆಗೆ ಆ ಸಮಯದಲ್ಲಿ ಮೊದಲೇ ಬುಕಿಂಗ್ ಬೇಕು, ದುಡ್ಡಿಲ್ಲ.
* ಕಸ್ಸೀಗೆ ರೈಲಿದೆ. ಸ್ಟೇಷನ್ನಿನಿಂದ ಬಂದರಿಗೆ ಸುಮಾರು ಮೂರು ಕಿ.ಮೀ. ವೈನ್ ರುಚಿ ನೋಡುವವರು ಗಾಡಿ ಓಡಿಸೋದು ಬೇಡ.
* ಉಳಿಯಲು ಹೋಟೆಲ್ ನೋಡಿ, ಊಟಕ್ಕೆ ನೊಆಯ್‌ನ ಸಣ್ಣ ಅಂಗಡಿಗಳಿಗೆ ಹೋಗಿ. ನಿಮ್ಮ ಯೂರೋ ಊರಿನವರ ಕೈ ಸೇರಲಿ.

ಪರ್ಸನ್ನು ಜೋಪಾನ ಮಾಡಿ, ಸರಿ. ಆದರೆ ಅದಕ್ಕೆ ಹೆದರಿ ಈ ಊರನ್ನು ಬಿಡಬೇಡಿ.